ಊಳಾಕೊಂದು ಜಾಗ

ಮಾದಿಸಂದ್ರ ಪುರಸಭೆಯ ಏಳನೇ ವಾರ್ಡಿಗೆ ಮೆಂಬರ್ ಯಾರು ಅಂತ ಯಾರನ್ನಾದರೂ ಕೇಳಿ ನೋಡಿ, ದೇವರಾಜಣ್ಣ ಅಂತಾರೆ. ಚುನಾವಣೆಗೆ ನಿಂತಿದ್ದು, ಗೆದ್ದಿದ್ದು, ದೇವರ ಹೆಸರಲ್ಲಿ ಪ್ರಮಾಣ ಮಾಡಿದ್ದು ಎಲ್ಲ ಅವನ ಹೆಂಡತಿ ಪಿಳ್ಳಮ್ಮ. ಆದರೆ ವಾರ್ಡು ಹೆಂಗಸರಿಗೆ ಮೀಸಲಾಗಿದ್ದೇ ಒಂದು ಅಪಘಾತ, ಅದರಲ್ಲಿ ಪಿಳ್ಳಮ್ಮನ ತಪ್ಪೇನೂ ಇಲ್ಲ ಅಂತ ಊರು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡಿತ್ತು. ಹಾಗಾಗಿ ದೇವರಾಜ್ ಮೆಂಬರು, ಪಿಳ್ಳಮ್ಮ ಮೆಂಬರ್ ಹೆಂಡತಿ. ಒಂದು ಸಲ ಬೀದಿದೀಪದವನು ಬಾಗಿಲಿಗೆ ಬಂದು "ಮೆಂಬರ್ ಇದ್ದಾರಾ ಅಕ್ಕ?" ಅಂತ ಕೇಳಿದಾಗ ಪಿಳ್ಳಮ್ಮನೇ "ಇಲ್ಲ ಕಣಪ್ಪ, ಆಚೆ ಓಗವ್ರೆ" ಅಂದು ಕಳಿಸಿದ್ದಳು. ಆಮೇಲೆ ಒಲೆ ಮುಂದೆ ಮುದ್ದೆ ತಿರುವುವಾಗ ಅವಳಿಗೇ ನಗು ಬಂತು.

ಪುರಸಭೆಯ ಸಭೆಗೆ ಸದಸ್ಯೆಯರ ಗಂಡಂದಿರು ಬರಕೂಡದು ಅಂತ ಸುತ್ತೋಲೆ ಇದೆ. ಮಾದಿಸಂದ್ರದವರು ಕಾನೂನಿಗೆ ತಲೆಬಾಗುವ ಜನ. ಸುತ್ತೋಲೆ ಬಂದ ವಾರವೇ ಸಭಾಂಗಣದ ಹಿಂದಿನ ಗೋಡೆಗೆ 'ಸಾರ್ವಜನಿಕರಿಗೆ' ಅಂತ ಬೋರ್ಡು ಹೊಡೆದು, ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಗಂಡಂದಿರನ್ನೆಲ್ಲ ಸಾರ್ವಜನಿಕರು ಮಾಡಿಬಿಟ್ಟರು. ಸಾರ್ವಜನಿಕರು ಕೆಮ್ಮಿದರೆ ಮುಂದೆ ಕೂತ ಹೆಂಡತಿಯರು ಕೈ ಎತ್ತಬೇಕು. ಒಂದು ಮಳೆಗಾಲ ದೇವರಾಜನಿಗೆ ನಿಜವಾದ ನೆಗಡಿ ಆಗಿ, ಪಿಳ್ಳಮ್ಮ ಒಂದೇ ಸಭೆಯಲ್ಲಿ ಇದ್ದಬದ್ದ ಬೋರ್‌ವೆಲ್ಲು, ಬಸ್ ಶೆಲ್ಟರು, ಎದುರು ಪಾರ್ಟಿಯವರ ಕಸದ ಗುತ್ತಿಗೆ, ಎಲ್ಲಕ್ಕೂ ಒಪ್ಪಿಗೆ ಕೊಟ್ಟು ಬಂದಳು. ಅವತ್ತಿನಿಂದ ಅವನು ಕೆಮ್ಮೋದು ಬಿಟ್ಟು, ಕುರ್ಚಿಯನ್ನು ಕಿರ್ ಅಂತ ಎಳೆಯುವ ಪದ್ಧತಿ ಮಾಡಿಕೊಂಡ.

ಪಿಳ್ಳಮ್ಮನಿಗೆ ಇದರಿಂದ ಸಂಕಟವೇನೂ ಇರಲಿಲ್ಲ. ಅವಳ ನಿಜವಾದ ಆಡಳಿತ ಮನೆ ಹಿಂದಿನ ವಠಾರದಲ್ಲಿ. ಸಾಲಾಗಿ ಒಂದೊಂದೇ ಕೋಣೆಯ ಮನೆಗಳು, ಬಾಡಿಗೆಗೆ ಇರೋರೆಲ್ಲ ರಾಯಚೂರು, ಕೊಪ್ಪಳದ ಕಡೆಯವರು. ಗಂಡಸರು ಕಟ್ಟಡದ ಕೆಲಸಕ್ಕೆ, ಹೆಂಗಸರು ಬೊಮ್ಮಸಂದ್ರದ ಫ್ಯಾಕ್ಟರಿಗಳಿಗೆ. ಮೊದಲನೇ ಕೋಣೆಯ ದುರ್ಗವ್ವ ಮಾತ್ರೆ ಪ್ಯಾಕ್ ಮಾಡೋ ಕಡೆ ಶಿಫ್ಟಿಗೆ ಹೋಗುತ್ತಿದ್ದಳು, ಅವಳ ಗಂಡ ಮರೆಪ್ಪ ಪೇಂಟ್ ಹೊಡೆಯುತ್ತಿದ್ದ. ನೀರಿನ ಮೋಟಾರು ಯಾವಾಗ ಹಾಕಬೇಕು, ಯಾರ ಮಗು ಯಾರ ಬಾಗಿಲಲ್ಲಿ ಗಲೀಜು ಮಾಡಿತು ಅನ್ನೋದನ್ನೆಲ್ಲ ಪಿಳ್ಳಮ್ಮ ಯಾರ ಕೆಮ್ಮಿಗೂ ಕಾಯದೆ ತೀರ್ಮಾನ ಮಾಡುತ್ತಿದ್ದಳು. ಆ ಆಡಳಿತದ ಮೇಲೊಬ್ಬ ರಾಜ್ಯಪಾಲರಿದ್ದರು, ಅತ್ತೆ ಸೊಣ್ಣಮ್ಮ.

ಕಾಡು ಬಾ ಅನ್ನುತ್ತೆ, ಊರು ಹೋಗು ಅನ್ನುತ್ತೆ ಅಂತ ಎಲ್ಲ ಮುದುಕರೂ ಹೇಳೋದೇ. ಸೊಣ್ಣಮ್ಮ ಆ ಗಾದೆಯನ್ನು ತನಗೆ ಬೇಕಾದಂಗೆ ತಿದ್ದಿಕೊಂಡಿದ್ದಳು.

"ಊರು ಓಗು ಅಂತೈತೆ ಕಣೆ ಪಿಳ್ಳಿ. ಓಗಾನ ಅಂದ್ರೆ ಕಾಡೆಲ್ಲೈತೆ?"

ಕೇಳುವ ಮಾತೇ. ಆ ಕಡೆ ಹೊಲ ಇದ್ದವರು ಸತ್ತರೆ ಅವರವರ ಹೊಲದಲ್ಲೇ ಮಣ್ಣು ಮಾಡೋದು ಪದ್ಧತಿ. ಊರ ಸುಡುಗಾಡು ಏನಿದ್ದರೂ ಹೊಲ ಇಲ್ಲದವರಿಗೆ. ಹಾಗಾಗಿ ಆ ಸುಡುಗಾಡಿನ ಮೇಲೆ ಸರ್ವಿಸ್ ರಸ್ತೆ ಹಾದುಹೋದಾಗ ಊರ ಗೌಡಮಕ್ಕಳು ಯಾರೂ ಬಾಯಿ ಬಿಡಲಿಲ್ಲ. ನಮಗೇನು, ನಮಗೆ ಹೊಲ ಇದೆ ಅಂದುಕೊಂಡರು. ಆಮೇಲೆ ಒಬ್ಬೊಬ್ಬರೇ ಹೊಲ ಮಾರಿದರು. ಕಾರು ಬಂತು, ಮೂರಂತಸ್ತಿನ ಮನೆ ಬಂತು, ಮನೆ ಮೇಲೆ ಸಿಂಹದ ಮುಖ ಬಂತು. ಸತ್ತರೆ ಎಲ್ಲಿಗೆ ಹೋಗೋದು ಅನ್ನೋದನ್ನು ಮಾತ್ರ ಕ್ರಯಪತ್ರ ಬರೆಯುವಾಗ ಯಾರೂ ಕೇಳಲಿಲ್ಲ. ಕೇಳೋಕೆ ಅವರ್ಯಾರೂ ಸಾಯೋ ಅಂದಾಜಿನಲ್ಲಿರಲಿಲ್ಲ.

ಸೊಣ್ಣಮ್ಮನ ಗಂಡ ಚಿಕ್ಕಬೈರಪ್ಪನನ್ನು ಅವನ ರಾಗಿ ಹೊಲದ ಮೂಲೆಯಲ್ಲಿ, ಹೊಂಗೆಮರದ ಕೆಳಗೆ ಮಣ್ಣು ಮಾಡಿದ್ದರು. ಆ ಹೊಲವನ್ನು ದೇವರಾಜ್ ಅಪಾರ್ಟ್‌ಮೆಂಟಿನವರಿಗೆ ಕೊಟ್ಟ. ಅಪಾರ್ಟ್‌ಮೆಂಟಿಗೆ ಏನೋ ಒಂದು ಇಂಗ್ಲಿಷ್ ಹೆಸರಿದೆ, ಊರವರ ನಾಲಿಗೆಗೆ ಹೊರಳೋದಿಲ್ಲ, ಆಟೋದವರು ಈಗಲೂ ಬೈರಪ್ಪನ ಹೊಲ ಅಂತಲೇ ಕರೆಯುತ್ತಾರೆ. ಸಮಾಧಿ ಮುಟ್ಟೋದಿಲ್ಲ ಅಂತ ಬಿಲ್ಡರು ಮಾತು ಕೊಟ್ಟಿದ್ದ. ಮುಟ್ಟಲಿಲ್ಲ ಕೂಡ. ಅದರ ಮೇಲೆ ಹಲಗೆ ಹಾಸಿ, ಜನ ಬೆಳಗ್ಗೆ ಯೋಗ ಮಾಡೋಕೆ ಕಟ್ಟೆ ಮಾಡಿದ. ಪಿತೃಪಕ್ಷದ ಅಮಾವಾಸ್ಯೆಗೆ ಸೊಣ್ಣಮ್ಮ ಎಡೆ ತಗೊಂಡು, ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ ಸಮೇತ ಗೇಟಿಗೆ ಹೋದಳು. ಸೆಕ್ಯೂರಿಟಿಯವನು ಯಾವ ಫ್ಲಾಟು ಅಜ್ಜಿ ಅಂತ ಕೇಳಿದ. "ಫ್ಲಾಟಲ್ಲ ಕಣಪ್ಪ, ನನ್ನ ಗಂಡನ ಗುಂಡಿ" ಅಂದಳು. ಅವನು ಮುದುಕಿಯನ್ನೂ ಟಿಫಿನ್ ಕ್ಯಾರಿಯರನ್ನೂ ನೋಡಿ, ಪಾಪ, ಬಂದ ಉದ್ದೇಶ ಅನ್ನೋ ಕಡೆ 'ಡೆಲಿವರಿ' ಅಂತ ಬರೆದುಕೊಂಡು ಒಳಗೆ ಬಿಟ್ಟ.

ಅವತ್ತು ಸಂಜೆ ಸೊಣ್ಣಮ್ಮ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನನ್ನ ಆ ಕರೆಂಟ್ ಒಲೆಗೆ ಮಾತ್ರ ತಳ್ಳಬ್ಯಾಡ್ರಿ ಕಣೆ. ನಮ್ಮಕ್ಕನ ಮಗನ್ನ ಅದ್ರಾಗೇ ಸುಟ್ಟಿದ್ದು ನೋಡ್ದೆ. ಬೇಕರಿ ಇದ್ದಂಗೈತೆ. ನಾನೇನು ಬನ್ನಾ? ಎಲ್ಲಾದ್ರೂ ಸರಿ, ಈ ಊರ ಮಣ್ಣಿಗೆ ಇಕ್ಕು."

"ಅವರಿಗೇಳ್ತೀನಿ ಬುಡಿ ಅತ್ತೆ."

"ಅವನಿಗೇಳ್ಬ್ಯಾಡ. ಅವನು ಅವರಪ್ಪನ್ನೇ ಮಾರ್ಕೊಂಡ. ನೀನು ಕೈಮೇಲೆ ಕೈ ಇಕ್ಕು."

ಪಿಳ್ಳಮ್ಮ ಇಟ್ಟಳು. ಮುದುಕಿಯ ಅಂಗೈ ಒಣಗಿದ ಮೊರದಂತಿತ್ತು. ಈ ಮಾತು ಉಳಿಸಿಕೊಳ್ಳದಿದ್ದರೆ ತಾನು ಮನುಷ್ಯಳೇ ಅಲ್ಲ ಅಂತ ಅವಳಿಗೆ ಅನ್ನಿಸಿಬಿಟ್ಟಿತು.

ಜಾಗ ಇಲ್ಲದೆ ಇರಲಿಲ್ಲ. ವಠಾರದ ಹಿಂದೆ ಜಾಲಿದಿಣ್ಣೆ ಅಂತ ಸರ್ಕಾರಿ ಜಮೀನು, ಜಾಲಿಗಿಡ ಬೆಳೆದು ಹಾಗೇ ಬಿದ್ದಿತ್ತು. ಪುರಸಭೆ ಮನಸ್ಸು ಮಾಡಿದರೆ ಊರವರೆಲ್ಲ ಅಲ್ಲೇ ನೆಮ್ಮದಿಯಾಗಿ ಮಲಗಬಹುದು. ಪಿಳ್ಳಮ್ಮ ಊಟಕ್ಕೆ ಬಡಿಸುತ್ತ ಗಂಡನಿಗೆ ವಿಷಯ ತೆಗೆದಳು. ಬೈತಾನೆ ಅಂದುಕೊಂಡಿದ್ದಳು. ದೇವರಾಜ್ ತುತ್ತು ಅರ್ಧಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅದಕ್ಕೇನಂತೆ, ಸಭೇಲಿ ನೀನೇ ಎದ್ದು ಕೇಳು. ಮೆಂಬರ್ ನೀನಲ್ವಾ?" ಅಂದ.

ಮದುವೆಯಾದ ಮೇಲೆ ಅವಳ ಗಂಡ ಇಷ್ಟು ದೊಡ್ಡ ಸತ್ಯ ನುಡಿದದ್ದು ಅದೇ ಮೊದಲು. ಆಗಲೇ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

"ಆದ್ರೆ ಒಂದು. ಅಧ್ಯಕ್ಷರ ಮಗಳ ಲಗ್ನ ಕಟ್ಟವ್ರೆ. ಸಭೇಲಿ ಹೆಣ, ಸುಡುಗಾಡು, ಮಣ್ಣು ಮಾಡೋದು, ಇಂಥ ಅಪಶಕುನದ ಮಾತೆಲ್ಲ ಆಡಬೇಡ. ಅದಿಲ್ದಂಗೆ ಹೇಳು."

ಹೆಣ ಅನ್ನದೆ ಸುಡುಗಾಡು ಕೇಳೋದು ಹೇಗೆ ಅಂತ ಪಿಳ್ಳಮ್ಮ ದನಕ್ಕೆ ನೀರಿಡುತ್ತ, ಬಟ್ಟೆ ಹಿಂಡುತ್ತ ಯೋಚನೆ ಮಾಡಿದಳು. ಕೊನೆಗೆ ಒಂದು ಮಾತು ಸಿಕ್ಕಿತು. ಊಳೋದು. ಹೂಳೋದು ಅನ್ನುವುದನ್ನು ಅವರ ಮನೆಯಲ್ಲಿ ಹಾಗೇ ಅನ್ನೋದು. ಆ ಮಾತಿನಲ್ಲಿ ಹೆಣ ಇಲ್ಲ, ಆದರೆ ಅರ್ಥ ಆಗದವರು ಯಾರಿದ್ದಾರೆ?

ಇಡೀ ಪುರಸಭೆ ಇತ್ತು.

ಅದು ಹೇಗಾಯಿತು ಅಂದರೆ, ಆ ಸಭೆಯ ಮೊದಲನೇ ವಿಷಯ ದೊಡ್ಡಕೆರೆಯದ್ದು. ಕೆರೆಯ ತಳದಲ್ಲಿ ಕೂತ ಕೆಸರು ತೆಗೆಯೋಕೆ ರಾಮಾಂಜಿನಪ್ಪ ಅನ್ನೋ ಕಂಟ್ರಾಕ್ಟರಿಗೆ ಗುತ್ತಿಗೆ ಆಗಿತ್ತು. ಆ ಕೆಸರಿಗೆ ಹಳೇ ಜನ ಗೋಡು ಅಂತಾರೆ. ಸೊಣ್ಣಮ್ಮನ ಕಾಲದಲ್ಲಿ ಗೋಡು ಅಂದರೆ ಬಂಗಾರ, ಬೇಸಿಗೆ ಬಂದರೆ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೊಡೆಯೋಕೆ ಬಡಿದಾಡುತ್ತಿದ್ದರು. ಈಗ ಹೊಲ ಇಲ್ಲ. ಸುತ್ತಲ ಫ್ಯಾಕ್ಟರಿಗಳ ಕೃಪೆಯಿಂದ ಗೋಡಿಗೂ ನಾನಾ ಬಣ್ಣ, ನಾನಾ ವಾಸನೆ. ಅದನ್ನು ತಮ್ಮೂರಲ್ಲಿ ಸುರಿಯೋಕೆ ಜಿಗಣಿ ಕಡೆಯವರೂ ಬಿಡಲಿಲ್ಲ, ಚಂದಾಪುರದ ಕಡೆಯವರೂ ಬಿಡಲಿಲ್ಲ. ಎತ್ತಿದ್ದನ್ನು ಎಲ್ಲಿ ಹಾಕೋದು ಅಂತ ತೋಚದೆ ಕೆಲಸ ನಿಂತಿತ್ತು. ಮುಖ್ಯಾಧಿಕಾರಿ ಶ್ಯಾಮಲಾ ಮೇಡಂ ಕನ್ನಡಕ ಸರಿಮಾಡಿಕೊಂಡು ಓದಿದರು: "ಹೂಳು ವಿಲೇವಾರಿಗೆ ಸೂಕ್ತ ಸ್ಥಳಾವಕಾಶ ಲಭ್ಯವಿಲ್ಲದ ಕಾರಣ ಸದರಿ ಕಾಮಗಾರಿ ಸ್ಥಗಿತಗೊಂಡಿರುತ್ತದೆ." ಆಫೀಸಿನ ಭಾಷೆಯಲ್ಲಿ ಗೋಡಿನ ಹೆಸರು ಹೂಳು. ಪಿಳ್ಳಮ್ಮನಿಗೆ ಆ ಕನ್ನಡ ಎಂದಿನಂತೆ ಕಿವಿ ಪಕ್ಕದಲ್ಲಿ ಹಾದುಹೋಯಿತು. ತನ್ನ ಮಾತನ್ನೇ ಮನಸ್ಸಿನಲ್ಲಿ ಉರುಹೊಡೆಯುತ್ತಿದ್ದಳು.

ಹಿಂದೆ ಕುರ್ಚಿ ಕಿರ್ ಅಂದಿತು. ಎದ್ದು ನಿಂತಳು.

"ಅಧ್ಯಕ್ಷ್ರೇ, ನಮ್ಮ ವಾರ್ಡ್ನಾಗೆ ಊಳಾಕೆ ಜಾಗ ಇಲ್ಲ. ಜಾಲಿದಿಣ್ಣೆ ಖಾಲಿ ಬಿದ್ದೈತೆ. ಅದನ್ನ ಊಳಾಕೆ ಬುಟ್ಕೊಡಿ. ವಯಸ್ಸಾದೋರು ಕಾಯ್ತಾವ್ರೆ."

ಅಧ್ಯಕ್ಷ ವಸಂತ್ ಮುಂದಕ್ಕೆ ಬಾಗಿದ.

"ಹೂಳ್ ಹಾಕೋಕಾ ಅಕ್ಕ?"

"ಊಂ. ಊಳಾಕೆ."

"ಜಾಲಿದಿಣ್ಣೇಲಿ?"

"ಅಲ್ಲೇ. ನಮ್ಮನೆ ಇಂದೇನೇ, ನಮಗೇನೂ ತೊಂದ್ರೆ ಇಲ್ಲ."

ಮೇಜು ಕುಟ್ಟಿದ ಸದ್ದಿಗೆ ಪಿಳ್ಳಮ್ಮ ಬೆಚ್ಚಿದಳು. ಯಾವ ಊರಿನವರೂ ಬೇಡ ಅಂದದ್ದನ್ನು ಒಬ್ಬ ಹೆಣ್ಣುಮಗಳು ತನ್ನ ಮನೆ ಹಿತ್ತಲಿಗೇ ಹಾಕಿ ಅಂತ ಕೈಮುಗಿದು ಕೇಳುತ್ತಿದ್ದಾಳೆ, ಇದಪ್ಪಾ ಸಮಾಜಸೇವೆ ಅಂದರೆ ಅಂತ ಎದುರು ಪಾರ್ಟಿಯವರ ಕಣ್ಣಲ್ಲೂ ನೀರು. ವಯಸ್ಸಾದವರು ಕಾಯುತ್ತಿದ್ದಾರೆ ಅಂದದ್ದನ್ನು ಶ್ಯಾಮಲಾ ಮೇಡಂ ಕೆರೆ ದಂಡೆಯ ಮೇಲೆ ವಾಕಿಂಗಿಗೆ ಕಾಯುತ್ತಿರುವ ಹಿರಿಯ ನಾಗರಿಕರು ಅಂತ ಅರ್ಥಮಾಡಿಕೊಂಡು ಹಾಗೇ ಬರೆಸಿದರು. ಸರ್ವಾನುಮತದ ನಿರ್ಣಯ ಆಯಿತು. ಬಾಗಿಲ ಹತ್ತಿರ ನಿಂತಿದ್ದ ರಾಮಾಂಜಿನಪ್ಪ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಯಾರೋ ಶಾಲು ಹೊದಿಸಿದರು. ಇಷ್ಟು ಸುಲಭಾನಾ, ಬಾಯಿ ಬಿಟ್ಟು ಕೇಳಿದರೆ ಕೊಟ್ಟೇಬಿಡ್ತಾರಲ್ಲ ಅಂತ ಪಿಳ್ಳಮ್ಮನಿಗೆ ಇಷ್ಟು ವರ್ಷ ಸುಮ್ಮನೆ ಕೂತದ್ದಕ್ಕೆ ನಾಚಿಕೆಯಾಯಿತು.

ಮನೆಗೆ ಬಂದವಳೇ ಶಾಲನ್ನು ಅತ್ತೆಗೆ ಹೊದಿಸಿದಳು. "ಜಾಗ ಆಯ್ತು ಅತ್ತೆ. ಜಾಲಿದಿಣ್ಣೆ. ಎಲ್ರೂ ಒಪ್ಕೊಂಡ್ರು." ಸೊಣ್ಣಮ್ಮ ಅವತ್ತು ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡಳು. ಸಂಜೆ ವಠಾರದ ಹೆಂಗಸರಿಗೆಲ್ಲ, ಹೊಸ ಮನೆ ಗೃಹಪ್ರವೇಶಕ್ಕೆ ಕರೆಯುವವಳ ಹಾಗೆ, ತನ್ನ ಜಾಗ ಎಲ್ಲಿ ಅಂತ ಕೋಲು ಚಾಚಿ ತೋರಿಸಿದಳು. ಆ ದೊಡ್ಡ ಜಾಲಿಮರದ ಬುಡ, ಅಲ್ಲಿ ನೆರಳು ಚೆನ್ನಾಗಿದೆ ಅಂದಳು.

ಒಂದು ಬೆಳಗ್ಗೆ ದುರ್ಗವ್ವ ಶಿಫ್ಟು ಮುಗಿಸಿ ಬಂದವಳು ಮುಖ ಕೂಡ ತೊಳೆಯದೆ ಅಡುಗೆಮನೆ ಬಾಗಿಲಿಗೆ ಬಂದಳು. "ಅಕ್ಕಾರ, ನಿಮ್ಮ ಜಾಗಕ್ಕ ಲಾರಿ ಬಂದಾವ್ರಿ. ಏನೋ ಕರ್‍ರನ ರಾಡಿ ಸುರ್ಯಾಕ ಹತ್ಯಾರ. ಮೂಗು ಬಿಡಾಕ ಆಗವಲ್ದು."

ಪಿಳ್ಳಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಹೋಗಿ ನೋಡಿದಳು. ಟಿಪ್ಪರ್‌ಗಳು ಸಾಲಾಗಿ ನಿಂತು ಹಿಂಭಾಗ ಎತ್ತುತ್ತಿದ್ದವು. ದಿಣ್ಣೆಯ ಬಾಯಲ್ಲೇ ಹೊಸ ಬೋರ್ಡು. ಅವಳ ಓದು ಒಂದೊಂದೇ ಅಕ್ಷರದ ಓದು. ಮಾದಿಸಂದ್ರ ಪುರಸಭೆ. ಹೂಳು ಹಾಕುವ ಜಾಗ. ಪ್ರಸ್ತಾಪ: ಶ್ರೀಮತಿ ಪಿಳ್ಳಮ್ಮ ದೇವರಾಜ್. ಎರಡು ಸಲ ಓದಿದಳು. ಊಂ ಊಳಾಕೆ ಅಂತ ತಾನೇ ಅಂದದ್ದು ಕಿವಿಯಲ್ಲಿ ಮತ್ತೆ ಕೇಳಿಸಿತು. ಗಣಪತಿ ಮಾಡೋಕೆ ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದು ಅವಳಿಗೆ ಅಲ್ಲೇ ಅಳು ಬಂತು.

ಅಳು ಒರೆಸಿಕೊಂಡು ತಲೆ ಎತ್ತಿದಾಗ ಮುಂದಿನ ಟಿಪ್ಪರ್ ಕಣ್ಣಿಗೆ ಬಿತ್ತು. ಫಳಫಳ ಹೊಸದು. ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ 'ಸೊಣ್ಣಮ್ಮನ ಆಶೀರ್ವಾದ' ಅಂತ ಬರೆದಿತ್ತು. ಆ ಸೀಮೆಯಲ್ಲಿ ಅಮ್ಮನ ಹೆಸರನ್ನು ಗಾಡಿಗೆ ಇಡುವಷ್ಟು ಮಾತೃಭಕ್ತಿ ಇದ್ದ ಸೊಣ್ಣಮ್ಮನ ಮಗ ಒಬ್ಬನೇ.

"ನಿಮ್ಮ ಟಿಪ್ಪರಾ ಅದು?" ಅಂತ ರಾತ್ರಿ ಊಟಕ್ಕೂ ಕಾಯದೆ ಕೇಳಿದಳು.

"ರಾಮಾಂಜಿನಪ್ಪಂಗೆ ಬಾಡಿಗೆಗೆ ಬಿಟ್ಟಿದೀನಿ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ನಾನು ಕೇಳಿದ್ದು ಏನು ಅಂತ ನಿಮಗೆ ಗೊತ್ತಿತ್ತು. ಇಂದೇನೇ ಕೂತಿದ್ರಿ."

"ತಪ್ಪು ನಿಂದು ಕಣೇ. ಒಂದು ಹಕಾರ ಬಾಯಿ ಬಿಟ್ಟು ಸರಿಯಾಗಿ ಅಂದಿದ್ರೆ ಇಷ್ಟೆಲ್ಲ ಆಗ್ತಿತ್ತಾ?" ದೇವರಾಜ್ ಫೋನು ನೋಡತೊಡಗಿದ. ತಲತಲಾಂತರದಿಂದ ಆ ಮನೆಯಲ್ಲಿ ಯಾರೂ ಹಕಾರ ಅಂದವರಲ್ಲ, ಅವನೂ ಕಲಿತದ್ದು ಮೊನ್ನೆ ಮೊನ್ನೆ ರಿಯಲ್ ಎಸ್ಟೇಟ್ ಆಫೀಸಿನಲ್ಲಿ.

ಪಿಳ್ಳಮ್ಮ ಶ್ಯಾಮಲಾ ಮೇಡಂ ಹತ್ತಿರ ಹೋದಳು. ಮೇಡಂ ಒಳ್ಳೆಯವರು, ಕಾಫಿ ತರಿಸಿದರು.

"ನಾನೇಳಿದ್ದು ಗೋಡು ಆಕಾಕಲ್ಲ ಮೇಡಂ. ಎಣ ಊಳಾಕೆ."

"ಹೆಣ ಅನ್ನೋ ಪದ ನಡಾವಳಿಯಲ್ಲಿ ಇಲ್ವಲ್ಲ ಪಿಳ್ಳಮ್ಮನವರೇ."

"ಆಡಬ್ಯಾಡ ಅಂದಿದ್ರು."

"ಅದೇ ನೋಡಿ. ಈಗ ನಿರ್ಣಯ ದೃಢೀಕರಣ ಆಗಿಹೋಗಿದೆ, ಸದ್ಯಕ್ಕೆ ಯಾರೂ ಮುಟ್ಟೋ ಹಾಗಿಲ್ಲ. ಅದರಲ್ಲೂ ನೀವೇ ಪ್ರಸ್ತಾಪಕರು. ನಿಮ್ಮ ಪ್ರಸ್ತಾಪಕ್ಕೆ ನೀವೇ ಆಕ್ಷೇಪಣೆ ಕೊಟ್ಟರೆ ನಿಮಗೇ ಗೌರವ ಅಲ್ಲ." ಕಾಫಿ ಆರುವ ಮುಂಚೆ ಕುಡಿಯಿರಿ ಅಂತಲೂ ಅಂದರು.

ಅತ್ತೆಗೆ ಪಿಳ್ಳಮ್ಮ ಏನೂ ಹೇಳಲಿಲ್ಲ. ಕಿಟಕಿ ಮುಚ್ಚಿದಳು, ಊದುಬತ್ತಿ ಹಚ್ಚಿದಳು. ಗಾಳಿ ಯಾವ ನಿರ್ಣಯಕ್ಕೂ ಕಾಯದೆ ಒಳಗೆ ಬರುತ್ತಿತ್ತು. ಮೂರನೇ ದಿನ ಸೊಣ್ಣಮ್ಮ ಕೇಳಿಯೇಬಿಟ್ಟಳು.

"ಗೋಡಿನ ವಾಸ್ನೆ ಅಲ್ವೇನೆ ಅದು? ಜಾಲಿದಿಣ್ಣೆಗೆ ಸುರೀತಾವ್ರಾ?"

ಪಿಳ್ಳಮ್ಮ ಊದುಬತ್ತಿ ಕೆಳಗಿಟ್ಟು ಅತ್ತೆ ಪಕ್ಕ ಕೂತಳು. "ನನ್ನಿಂದ್ಲೇ ಆಯ್ತು ಅತ್ತೆ. ನಾನೊಂದು ಏಳ್ದೆ, ಅವರೊಂದು ಬರ್ಕೊಂಡ್ರು" ಅಂತ ಎಲ್ಲ ಹೇಳಿಕೊಂಡಳು.

ಮುದುಕಿ ಬೈಯಲಿಲ್ಲ. ಬೊಚ್ಚು ಬಾಯಿ ಅಲ್ಲಾಡಿಸಿ ನಕ್ಕಳು. "ಗೋಡಾದ್ರೆ ಗೋಡು ಬುಡು. ಗೋಡು ಮಣ್ಣಲ್ವಾ? ಮದುವೆಯಾಗಿ ಬಂದಾಗ ಆ ಕೆರೆ ಗೋಡು ಒತ್ತು ಒತ್ತು ನನ್ನ ನೆತ್ತಿ ಕೂದ್ಲು ಉದುರೋಗಿತ್ತು. ಅದು ನನ್ನ ಕೆರೇದು. ಅದರಾಗೇ ಇಕ್ಕು." ಆಮೇಲೆ ಸೊಸೆಯ ಕೈ ಹಿಡಿದುಕೊಂಡು, "ಕೈಮೇಲೆ ಕೈ ಇಕ್ಕಿದ್ದೀಯ, ಮರೀಬ್ಯಾಡ" ಅಂದಳು.

ಆ ಮಾತು ಕೇಳಿಸಿಕೊಂಡ ದುರ್ಗವ್ವ ಅಂಗಳದಲ್ಲಿ ಪಾತ್ರೆ ತಿಕ್ಕುತ್ತ ಪಿಳ್ಳಮ್ಮನಿಗೆ ಮೆಲ್ಲಗೆ ಅಂದಳು. "ನಮ್ಮಂದಿ ಸತ್ರ ಗಾಡಿ ಮಾಡ್ಕೊಂಡು ಊರಿಗೆ ಒಯ್ತೀವ್ರಿ ಅಕ್ಕಾರ. ನಿಮಗ ಒಯ್ಯಾಕರ ಎಲ್ಲೈತ್ರಿ? ನಿಮ್ಮೂರು ಇದಾ ಅಲ್ರೀ." ಚುಚ್ಚೋಕೆ ಅಂದದ್ದಲ್ಲ, ಕನಿಕರ ಪಟ್ಟು ಅಂದದ್ದು. ಬಾಡಿಗೆಯವಳು ಮನೆ ಒಡತಿಗೆ ಕನಿಕರ ಪಡುವ ಕಾಲ ಬಂತಲ್ಲ ಅಂದುಕೊಂಡು ಪಿಳ್ಳಮ್ಮ ನೀರಿನ ಮೋಟಾರು ಹಾಕೋಕೆ ಎದ್ದಳು.

ಸೊಣ್ಣಮ್ಮ ಹೋದದ್ದು ಒಂದು ಸೋಮವಾರ, ಬಿಸಿಲು ಏರುವ ಹೊತ್ತಿಗೆ. ಜಗಲಿಯಲ್ಲಿ ಕೂತು ಕಾಫಿ ಕುಡಿದು, ಲೋಟ ಪಕ್ಕಕ್ಕಿಟ್ಟು, ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಊರು ಸೇರಿತು. ಅಧ್ಯಕ್ಷ ವಸಂತ್ ಬಂದು ಹಾರ ಹಾಕಿದ. ರಾಮಾಂಜಿನಪ್ಪ ಅದಕ್ಕಿಂತ ದೊಡ್ಡ ಹಾರ ಹಾಕಿದ. ದೇವರಾಜ್ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕರೆಂಟ್ ಒಲೆಯ ಕಡೆ ಸ್ಲಾಟು ಬುಕ್ ಮಾಡುತ್ತಿದ್ದ. ಅಳು ಸುಳ್ಳಲ್ಲ, ಅವನಿಗೆ ಅಮ್ಮ ಅಂದರೆ ಪ್ರಾಣವೇ. ಜಾಗ ಮಾತ್ರ ಇಲ್ಲ, ಅಷ್ಟೇ.

"ಸ್ಲಾಟ್ ಸಿಕ್ತು, ಮಧ್ಯಾಹ್ನದ ಮೇಲೆ. ವ್ಯಾನು ಬರ್ತೈತೆ" ಅಂದ.

"ವ್ಯಾನು ಬ್ಯಾಡ" ಅಂದಳು ಪಿಳ್ಳಮ್ಮ. ಅತ್ತೆಯ ಕೈ ಹಿಡಿದು ಕೂತವಳು ಎದ್ದಿರಲಿಲ್ಲ. "ಜಾಲಿದಿಣ್ಣೆಗೆ ಓಗಾನ."

"ತಲೆ ಕೆಟ್ಟೈತಾ ನಿಂಗೆ? ಅದು ಪುರಸಭೆ ಜಾಗ. ಪರ್ಮಿಷನ್ ಬೇಕು."

"ಐತೆ. ಸರ್ವಾನುಮತ. ಊಳಾಕೆ ಜಾಗ ಅಂತ ನಾನೇ ಕೇಳಿದ್ದು, ಅಧ್ಯಕ್ಷ್ರೇ ಕೊಟ್ಟಿದ್ದು. ಇಲ್ಲೇ ನಿಂತವ್ರಲ್ಲ, ಕೇಳಿ."

ವಸಂತ್ ಹಾರದ ಕಡೆ ನೋಡಿದ. ಸಾವಿನ ಮನೆಯಲ್ಲಿ, ಹೆಣದ ಮುಂದೆ, ಇಲ್ಲ ಅನ್ನೋಕೆ ಯಾರ ನಾಲಿಗೆ ಏಳುತ್ತೆ. ಎದ್ದರೂ ಹೆಂಗಸರ ಅಳುವಿನಲ್ಲಿ ಕೇಳಿಸುತ್ತಿರಲಿಲ್ಲ. ದೇವರಾಜ್ ಹೆಂಡತಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ, ಫೋನು ಜೇಬಿಗಿಟ್ಟ.

ಗುಂಡಿ ತೋಡೋದು ಯಾರು ಅಂತ ಇನ್ನೊಂದು ತಕರಾರು. ಊರ ಗಂಡಸರಿಗೆ ಗುದ್ದಲಿ ಹಿಡಿದು ಎಷ್ಟೋ ವರ್ಷ ಆಗಿತ್ತು. ಜೆಸಿಬಿ ಕರೆಸೋಣ ಅಂದರು. ಅಷ್ಟರಲ್ಲಿ ಮರೆಪ್ಪ ವಠಾರದ ನಾಲ್ಕಾರು ಜನರನ್ನು ಕರೆದುಕೊಂಡು ಹೋಗಿ, ದೊಡ್ಡ ಜಾಲಿಮರದ ಬುಡದಲ್ಲಿ, ರಾಡಿ ಇನ್ನೂ ತಲುಪದ ಕಡೆ ತೋಡಿ ಮುಗಿಸಿದ್ದ. ತಮಟೆ ಬಡಿದು, ಪುರಿ ಎರಚುತ್ತ ಚಟ್ಟ ದಿಣ್ಣೆ ಏರುವ ಹೊತ್ತಿಗೆ ಟಿಪ್ಪರೊಂದು ತುಂಬಿಕೊಂಡು ಎದುರು ಬಂತು. ಗಾಜಿನ ಮೇಲೆ 'ಸೊಣ್ಣಮ್ಮನ ಆಶೀರ್ವಾದ'. ಡ್ರೈವರು ಚಟ್ಟ ನೋಡಿದ, ಇಂಜಿನ್ ಆಫ್ ಮಾಡಿದ, ಕೆಳಗಿಳಿದು ಚಪ್ಪಲಿ ಬಿಟ್ಟು ಕೈಮುಗಿದ. ಆಮೇಲೆ ತುಂಬಿದ ಟಿಪ್ಪರನ್ನು ಹಾಗೇ ಹಿಂದಕ್ಕೆ ತಗೊಂಡು ಹೋದ. ಮಾರನೇ ದಿನ ಅವನೂ ಬರಲಿಲ್ಲ, ಬೇರೆಯವರೂ ಬರಲಿಲ್ಲ. ಗೋರಿ ಮೇಲೆ ರಾಡಿ ಸುರಿದರೆ ವಂಶ ನಿಲ್ಲುತ್ತಾ ಅಂತ ಡ್ರೈವರುಗಳೆಲ್ಲ ರಾಮಾಂಜಿನಪ್ಪನ ಮುಖದ ಮೇಲೇ ಕೇಳಿದರಂತೆ. ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಪಿಳ್ಳಮ್ಮ ಹೊಟ್ಟೆತುಂಬ ಉಂಡಳು.

ಆದರೆ ಪುರಸಭೆ ಅಂದರೆ ಸುಮ್ಮನೇ ಅಲ್ಲ. ಮುಂದಿನ ಸಭೆಯ ವಿಷಯ ಪಟ್ಟಿಯಲ್ಲಿ ಹೊಸದೊಂದು ಬಂತು. ಶ್ಯಾಮಲಾ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಜಾಲಿದಿಣ್ಣೆಯಲ್ಲಿ ಶೇಖರಣೆಯಾಗಿರುವ ಹೂಳನ್ನು ಸಂಪೂರ್ಣವಾಗಿ ಎತ್ತಿ, ನೆಲ ಸಮತಟ್ಟುಗೊಳಿಸುವ ಕಾಮಗಾರಿಯನ್ನು ಶ್ರೀ ರಾಮಾಂಜಿನಪ್ಪ ಅವರಿಗೆ ವಹಿಸುವ ಬಗ್ಗೆ." ನೆಲ ಸಮತಟ್ಟಾದರೆ ಗೋರಿಯೂ ಸಮತಟ್ಟು. ಹಾಕೋಕೂ ಅವನೇ, ಎತ್ತೋಕೂ ಅವನೇ. ಎತ್ತಿದ್ದನ್ನು ಮತ್ತೆ ಎಲ್ಲಿಗೆ ಹಾಕೋದು ಅನ್ನೋದು ಅದರ ಮುಂದಿನ ಸಭೆಗೆ. ಹಿಂಗೆ ಒಂದು ಕೆರೆಯ ಕೆಸರು ಎಷ್ಟು ಸಂಸಾರ ಸಾಕುತ್ತೆ ಅಂತ ಲೆಕ್ಕ ಹಾಕಿದವರಿಲ್ಲ.

ಈ ಸಲ ಹೂಳು ಅನ್ನೋ ಮಾತು ಪಿಳ್ಳಮ್ಮನ ಕಿವಿ ಪಕ್ಕ ಹಾದುಹೋಗಲಿಲ್ಲ. ಹಿಂದೆ ಕುರ್ಚಿ ಸದ್ದಿಲ್ಲ. ತಿರುಗಿ ನೋಡಿದಳು. ದೇವರಾಜ್ ಕೇಶಮುಂಡನ ಮಾಡಿಸಿದ ತಲೆ ತಗ್ಗಿಸಿ ಕೂತಿದ್ದ. ಅವಳು ತಾನಾಗಿ ಎದ್ದಳು.

"ಹೆಣ" ಅಂದಳು, ಹಕಾರ ಬಿಡದೆ.

ಎಲ್ಲರೂ ತಲೆ ಎತ್ತಿದರು. ಅಧ್ಯಕ್ಷ ವಸಂತ್ ಕೈ ಅಡ್ಡ ಮಾಡಿದ. "ಅಕ್ಕ, ಮನೇಲಿ ಶುಭಕಾರ್ಯ..."

"ಸುಡುಗಾಡು. ಮಣ್ಣು ಮಾಡೋದು. ಓದ ಸಲ ಈ ಮಾತಾಡಬ್ಯಾಡ ಅಂದ್ರು, ಆಡ್ನಿಲ್ಲ. ಅದಕ್ಕೇ ಇಷ್ಟಾಯ್ತು. ಇವತ್ತು ಎಲ್ಲಾನೂ ಆಡ್ತೀನಿ, ಬರ್ಕೊಳಿ ಮೇಡಂ." ಅವಳು ಅಧ್ಯಕ್ಷರ ಮೇಜಿನ ಮುಂದಕ್ಕೆ ಬಂದಳು. "ಅಲ್ಲಿರಾದು ಊಳಲ್ಲ ಸೋಮಿ, ನಮ್ಮತ್ತೆ. ಎತ್ತಬೇಕು ಅನ್ನೋರು ಕೈ ಎತ್ತಿ. ಬನ್ನಿ, ತಲೆ ಕಡೆ ನೀವಿಡ್ಕೊಳಿ. ಕಾಲ ಕಡೆ ನಾನಿಡ್ಕೋತೀನಿ."

ಒಂದು ಕೈಯೂ ಏಳಲಿಲ್ಲ. ಕೈ ಎತ್ತೋದನ್ನೇ ಕಸುಬು ಮಾಡಿಕೊಂಡಿದ್ದ ಸಭೆ ಅದು. ಸದಸ್ಯೆಯರು ಹಿಂದಕ್ಕೆ ತಿರುಗಿದರು. ಸಾರ್ವಜನಿಕರು ಫ್ಯಾನು ನೋಡುತ್ತಿದ್ದರು. ಅವರಲ್ಲಿ ಹೊಲ ಮಾರದವನು ಒಬ್ಬನೂ ಇರಲಿಲ್ಲ, ಮನೆಯಲ್ಲಿ ಮುದುಕಿಯೋ ಮುದುಕನೋ ಇಲ್ಲದವನೂ ಇರಲಿಲ್ಲ. ಕೊನೆಗೆ ವಸಂತ್ ಗಂಟಲು ಸರಿಮಾಡಿಕೊಂಡು, ಮೈಕು ಪಕ್ಕಕ್ಕೆ ಸರಿಸಿ, ಮೆಲ್ಲಗೆ ಕೇಳಿದ.

"ಅಕ್ಕ, ಅಲ್ಲಿ ಇನ್ನೂ ಎಷ್ಟು ಜನಕ್ಕೆ ಜಾಗ ಆಗುತ್ತೆ?"

ಯಾರೂ ಮುಟ್ಟೋ ಹಾಗಿಲ್ಲದ ನಿರ್ಣಯವನ್ನು ಆಮೇಲೆ ಮುಟ್ಟೋಕೆ ಕಾಫಿ ತರುವಷ್ಟು ಹೊತ್ತೂ ಹಿಡಿಯಲಿಲ್ಲ. 'ಹೂಳಲು' ಅನ್ನೋದು ಬೆರಳಚ್ಚು ದೋಷದಿಂದ 'ಹೂಳು ಹಾಕಲು' ಆಗಿದೆ, ತಿದ್ದುಪಡಿ ಮಾಡಿದರಾಯಿತು, ಇದಕ್ಕೆ ಚರ್ಚೆಯೂ ಬೇಕಿಲ್ಲ ಅಂದರು ಶ್ಯಾಮಲಾ ಮೇಡಂ. ಟೈಪ್ ಮಾಡಿದವನು ಅಲ್ಲೇ ನಿಂತಿದ್ದ. ತಪ್ಪು ಯಾರದ್ದೋ ಒಬ್ಬರದ್ದು ಆಗಲೇಬೇಕಲ್ಲ, ಅವನೂ ತಲೆ ಆಡಿಸಿದ. ಬಿದ್ದಿದ್ದ ರಾಡಿಯನ್ನು ಗೋರಿ ಮುಟ್ಟದೆ ಎತ್ತಿಸೋದು ರಾಮಾಂಜಿನಪ್ಪನ ತಲೆಗೇ ಬಂತು, ಅದೂ ಹೊಸ ಗುತ್ತಿಗೆ ಇಲ್ಲದೆ. ಅವನು ಅವತ್ತು ಯಾರಿಗೂ ನಮಸ್ಕಾರ ಮಾಡಲಿಲ್ಲ.

ಬೋರ್ಡು ಉಳಿದಿತ್ತು. ಹೊಸ ಬೋರ್ಡಿಗೆ ಟೆಂಡರ್ ಕರೆಯಬೇಕು ಅಂದರು. ಪಿಳ್ಳಮ್ಮ ಮರೆಪ್ಪನನ್ನು ಕರೆದುಕೊಂಡು ಹೋದಳು. ಅವನು ಬ್ರಶ್ಶು ಅದ್ದಿ 'ಹೂಳು ಹಾಕುವ ಜಾಗ' ಅನ್ನೋದರಲ್ಲಿ ನಡುವಿನ 'ಹಾಕು' ಮೇಲೆ ಬಿಳಿ ಬಣ್ಣ ಬಳಿದ. ಒಂದು 'ಹೂಳು' ಈ ಕಡೆ, ಒಂದು 'ವ' ಆ ಕಡೆ ಉಳಿಯಿತು. ದೂರದಿಂದ ನೋಡಿದರೆ ಸರಿಯಾಗೇ ಓದಿಸುತ್ತಿತ್ತು. ದುರ್ಗವ್ವ ನೀರಿನ ಬಾಟಲಿ ಹಿಡಿದು ಗಂಡನ ಪಕ್ಕ ನಿಂತಿದ್ದಳು.

ದೇವರಾಜನೂ ಬಂದಿದ್ದ. ಅಮ್ಮನ ಗುಂಡಿಗೆ ಕೈಮುಗಿದು, ಬೋರ್ಡಿನ ಮುಂದೆ ನಿಂತು ಸ್ವಲ್ಪ ಹೊತ್ತು ನೋಡಿದ. ಮೆಂಬರ್‌ಗಿರಿ ಅಷ್ಟು ಸುಲಭಕ್ಕೆ ಬಿಡುತ್ತಾ?

"ಮಧ್ಯೆ ಖಾಲಿ ಖಾಲಿ ಕಾಣ್ತೈತೆ. ಅಲ್ಲಿ 'ಊರಿನವರಿಗೆ ಮಾತ್ರ' ಅಂತ ಬರೆಸೋಣ್ವಾ?"

ಪಿಳ್ಳಮ್ಮ ಮರೆಪ್ಪನ ಕಡೆ ನೋಡಿದಳು. ಗುಂಡಿ ತೋಡಿದ ಕೈಯಲ್ಲೇ ಅವನು ಬ್ರಶ್ಶು ಹಿಡಿದು, ಬರೆಯಬೇಕೋ ಬೇಡವೋ ಅಂತ ಅವಳ ಬಾಯಿ ನೋಡುತ್ತಿದ್ದ.

"ಏನೂ ಬರೆಯೋದು ಬ್ಯಾಡ" ಅಂದಳು. "ಖಾಲಿ ಇರ್ಲಿ ಬುಡಿ. ವಠಾರದೋರೂ ಇಲ್ಲೇ ಅವ್ರೆ. ನಾವೂ ಬರ್ಬೇಕಲ್ಲ."